ಡಚ್ ಸಮಾಸಪದ ಒಡೆಯಲು ವೋರ್ಡನ್‌ಲೈಸ್ಟ್ ತಾಣ: ಎಷ್ಟರಮಟ್ಟಿಗೆ ನೆಚ್ಚಬಹುದು?

ಡಚ್ಚರು ಸಮಾಸಪದವನ್ನು ನಡುವೆ ಜಾಗ ಬಿಡದೆ ಒಂದೇ ಉಸಿರಿಗೆ ಬರೆಯುತ್ತಾರೆ. ಮೂವತ್ತು ಅಕ್ಷರದ ಪದ ಅಂಕಣದಲ್ಲಿ ಹಿಡಿಸುವುದಿಲ್ಲ, ಸಾಲಿನ ಕೊನೆಯಲ್ಲಿ ಕಂಡಲ್ಲಿ ಮುರಿದರೆ ಅರ್ಥ ಕೆಡುತ್ತದೆ. ಇದಕ್ಕೆ ಅಧಿಕೃತ ಆಸರೆ ಡಚ್ ಭಾಷಾ ಒಕ್ಕೂಟದ ವೋರ್ಡನ್‌ಲೈಸ್ಟ್ ಡಾಟ್ ಆರ್ಗ್. 1954ರಲ್ಲಿ ಮೊದಲು ಅಚ್ಚಾದ, ರಕ್ಷಾಪುಟದ ಬಣ್ಣದಿಂದಲೇ ‘ಹಸಿರು ಪುಸ್ತಕ’ ಎನಿಸಿಕೊಂಡ ಪದಪಟ್ಟಿಯ ಜಾಲರೂಪ ಇದು. ಉಚಿತ. ಪದ ಹುಡುಕಿದರೆ ಕಾಗುಣಿತ, ಲಿಂಗ, ಬಹುವಚನದ ಜತೆಗೆ ಎಲ್ಲೆಲ್ಲಿ ಒಡೆಯಬಹುದೆಂಬ ಗುರುತೂ ಸಿಗುತ್ತದೆ.

ಸಾಫ್ಟ್‌ವೇರ್ ತಾನೇ ಒಡೆಯುತ್ತದಲ್ಲ, ಪಟ್ಟಿ ಏಕೆ ಎಂದರೆ: ಪುಟ ಜೋಡಿಸುವ ತಂತ್ರಾಂಶವಾದ ಟೆಕ್‌ಗಾಗಿ ಫ್ರಾಂಕ್ ಲಿಯಾಂಗ್ ರೂಪಿಸಿದ ವಿಧಾನವನ್ನೇ ಇವತ್ತಿಗೂ ಹಲವು ತಂತ್ರಾಂಶಗಳು ಬಳಸುತ್ತವೆ. ಅದು ನೋಡುವುದು ಅಕ್ಷರಗಳ ನೆರೆಹೊರೆಯನ್ನು, ಅರ್ಥವನ್ನಲ್ಲ. ‘ಡೈಕ್‌ರಾಂಪ್’ ಎಂಬುದನ್ನು ಡೈಕ್-ರಾಂಪ್ ಎಂದು ಒಡೆದರೆ ಕಡಲಕಟ್ಟೆಯ ದುರಂತ, ಡೈ-ಕ್ರಾಂಪ್ ಎಂದರೆ ತೊಡೆಯ ಸೆಳೆತ. ಯಂತ್ರಕ್ಕೆ ಎರಡೂ ಒಂದೇ.

ಪಟ್ಟಿಯ ಮಿತಿಯೂ ಇಲ್ಲೇ ಇದೆ. ಡಚ್ಚಿನಲ್ಲಿ ಯಾರು ಬೇಕಾದರೂ ಹೊಸ ಸಮಾಸ ಕಟ್ಟಬಹುದು. ಯಾವ ಪಟ್ಟಿಯೂ ಅದನ್ನೆಲ್ಲ ಹಿಡಿದಿಡಲಾರದು. ಆಗ ಬಿಡಿಪದಗಳನ್ನು ಹುಡುಕಿ ಜೋಡಿಸಿಕೊಳ್ಳಬೇಕು. ಮಕ್ಕಳ ಕಾರ್ನಿವಲ್ ಮೆರವಣಿಗೆಯ ಸಿದ್ಧತಾ ಕೆಲಸಗಳು ಎಂಬರ್ಥದ, 49 ರೋಮನ್ ಅಕ್ಷರಗಳ ಪ್ರಸಿದ್ಧ ಪದವನ್ನೇ ತೆಗೆದುಕೊಳ್ಳಿ. ಬಲದಿಂದ ಬಿಡಿಸುತ್ತ ಬನ್ನಿ, ಏಕೆಂದರೆ ಕೊನೆಯ ಪದವೇ ಪ್ರಧಾನ, ಲಿಂಗ ನಿರ್ಧರಿಸುವುದೂ ಅದೇ: ವೆರ್ಕ್‌ಜಾಮ್‌ಹೇಡನ್ (ಕೆಲಸಗಳು), ಫೋರ್‌ಬೆರೈಡಿಂಗ್ಸ್ (ಸಿದ್ಧತೆ), ಆಪ್‌ಟಾಖ್ಟ್ (ಮೆರವಣಿಗೆ), ಕಾರ್ನಾವಾಲ್ಸ್, ಕಿಂಡರ್ (ಮಕ್ಕಳು). ಐದು ಪದ, ಒಟ್ಟು 15 ಉಚ್ಚಾರಾಂಶ.

ಎಡವುವುದು ಬೆಸುಗೆಯ ‘ಸ್’ ಹತ್ತಿರ. ಕಾರ್ನಾವಾಲ್ ಎಂದು ಹುಡುಕಿದರೆ ‘ಸ್’ ಇಲ್ಲದ ರೂಪ ಸಿಗುತ್ತದೆ. ಸಮಾಸದಲ್ಲಿ ಆಗಮವಾಗಿ ಬರುವ ಆ ‘ಸ್’ ಯಾವಾಗಲೂ ಎಡಗಡೆಯ ಪದದ ಸೊತ್ತು. ಅದನ್ನು ಬಲಕ್ಕೆ ತಳ್ಳಿದರೆ ‘ಸಾಪ್-ಟಾಖ್ಟ್’ ಆಗಿ, ಮೆರವಣಿಗೆ ಹೋಗಿ ಸೋಪುನೊರೆಯ ಪ್ರವಾಸವಾಗುತ್ತದೆ! ಬೆಸುಗೆ ‘ಎನ್’ ಆಗಿದ್ದರೆ ಏಕವಚನ ಬಿಟ್ಟು ಬಹುವಚನವನ್ನೇ ಹುಡುಕುವುದು ಲೇಸು. ಬಾಣಲೆಗೆ ‘ಪಾನ್’, ಆದರೆ ದೋಸೆಯಂಥ ಪ್ಯಾನ್‌ಕೇಕಿಗೆ ಪಾನ್-ನೆನ್-ಕುಕ್. ‘ನೆನ್’ ಕೊನೆಯ ಆ ‘ನ್’ 1995ರ ಕಾಗುಣಿತ ಸುಧಾರಣೆಯಲ್ಲಿ ಸೇರಿದ್ದು. ಅದಕ್ಕಿಂತ ಹಳೆಯ ನಿಘಂಟಿನ ಕಡತ ಉಳಿಸಿಕೊಂಡ ತಂತ್ರಾಂಶವಿದ್ದರೆ ಬದಲಿಸಿ.

ತಾಣದ ಮೇಲೆ ಒಂದು ತಕರಾರಿದೆ: ಎಲ್ಲ ಒಡೆತಕ್ಕೂ ಒಂದೇ ಗುರುತು. ಪದಪದ ಕೂಡಿದ ದೊಡ್ಡ ಸಂದು ಯಾವುದು, ಪದದೊಳಗಿನ ಚಿಕ್ಕದು ಯಾವುದು ಗೊತ್ತಾಗುವುದಿಲ್ಲ. ಓದುಗನಿಗೆ ಹಿತವಾಗುವುದು ದೊಡ್ಡ ಸಂದಿನಲ್ಲಿ ಮುರಿದಾಗ. ಅದನ್ನು ನೀವೇ ಆರಿಸಬೇಕು. ಜಾಲಪುಟವಾದರೆ ಆ ಸಂದುಗಳಿಗಷ್ಟೇ ಸಾಫ್ಟ್ ಹೈಫನ್ (ಸಾಲು ಅಲ್ಲಿ ಮುರಿದಾಗ ಮಾತ್ರ ಕಾಣುವ ಅಡ್ಡಗೆರೆ, ಯೂನಿಕೋಡ್ 00ಎಡಿ) ಹಾಕಿ. ಬ್ರೌಸರಿಗೇ ಬಿಡುವುದಾದರೆ ಪುಟದ ಭಾಷೆ ಡಚ್ ಎಂದು ನಮೂದಿಸಿ, ಇಲ್ಲದಿದ್ದರೆ ಯಾವ ನಿಯಮದಂತೆ ಒಡೆಯಬೇಕೆಂದು ಅದಕ್ಕೆ ತಿಳಿಯದು.

ಸಾಫ್ಟ್ ಹೈಫನ್ ಕೈಕೊಡುವ ಜಾಗವೂ ಉಂಟು. ಓಮಾ (ಅಜ್ಜಿ) ಎಂಬುದರ ಅಲ್ಪಾರ್ಥಕ (ಪುಟ್ಟದು, ಮುದ್ದಿನದು ಎಂಬರ್ಥದ) ರೂಪವನ್ನು ಇಡಿಯಾಗಿ ಬರೆದಾಗ ‘ಎ’ (a) ಅಕ್ಷರ ಎರಡು, ‘ಓಮಾ-ಟ್ಯೆ’ ಎಂದು ಸಾಲು ಮುರಿದಾಗ ಒಂದೇ. ಸ್ವರದ ಮೇಲಿನ ಜೋಡಿಚುಕ್ಕಿಯೂ ಅದರ ಮುಂಚೆ ಮುರಿದರೆ ಬಿದ್ದುಹೋಗುತ್ತದೆ. ಸಾಫ್ಟ್ ಹೈಫನ್ ಕಾಗುಣಿತ ಬದಲಿಸದು. ಟೆಕ್‌ನಲ್ಲಿ ಡಿಸ್ಕ್ರೀಷನರಿ ಆದೇಶದಿಂದ ಮುರಿದ ರೂಪ, ಮುರಿಯದ ರೂಪ ಎರಡನ್ನೂ ಕೊಡಬಹುದು; ಜಾಲಪುಟದಲ್ಲಿ ಅಂಥ ಕಡೆ ಮುರಿಯದಿರುವುದೇ ಕ್ಷೇಮ.