ಹಾರ್ಡ್‌ವೇರ್ ಅಂಗಡಿ ಸಾಮಾನಲ್ಲಿ ಕಾರು ರಿಪೇರಿ: ಎರಡು ವರ್ಷ ಓಡ್ಸಿದ ಮೇಲೆ ನನ್ನ ರಿವ್ಯೂ

ನನ್ನ ಹತ್ರ ಇರೋದು ವಯಸ್ಸಾದ ಸಣ್ಣ ಕಾರು, ಪ್ರತಿಯೊಂದಕ್ಕೂ ಒರಿಜಿನಲ್ ಪಾರ್ಟ್ ಹಾಕ್ಸ್ತಾ ಹೋದ್ರೆ ಕಾರಿಗಿಂತ ಪಾರ್ಟಿನ ಬಿಲ್ಲೇ ದೊಡ್ಡದಾಗುತ್ತೆ, ಹಂಗಾಗಿ ಎರಡು ವರ್ಷದಿಂದ ಸಣ್ಣಪುಟ್ಟ ತೇಪೆ ಕೆಲಸ ಎಲ್ಲ ಹಾರ್ಡ್‌ವೇರ್ ಅಂಗಡಿ ಸಾಮಾನಲ್ಲೇ ಮಾಡ್ಕೊಂಡು ಬಂದಿದೀನಿ. ಯಾವ್ದು ನಿಂತ್ಕೊಳ್ತು, ಯಾವ್ದು ನಡುದಾರೀಲಿ ಕೈ ಕೊಡ್ತು ಅಂತ ಬರೀತೀನಿ. ನಾನೇನು ಮೆಕ್ಯಾನಿಕ್ ಅಲ್ಲ, ಅದನ್ನ ಮೊದ್ಲೇ ಹೇಳಿಬಿಡ್ತೀನಿ.

ಮೊದಲ ಮಾರ್ಕು ಕೇಬಲ್ ಟೈಗೆ. ಬಂಪರ್ ಮೂಲೇಲಿ ಒಂದು ಗೇಣುದ್ದ ಬಿರುಕು ಬಿಟ್ಟಿತ್ತು, ಅದರ ತುದೀಲಿ ಮೊದಲು ಸಣ್ಣದೊಂದು ತೂತು ಹಾಕ್ದೆ (ಇಲ್ಲಾಂದ್ರೆ ಬಿರುಕು ಅಲ್ಲಿಂದ ಮುಂದಕ್ಕೆ ಓಡ್ತಾನೇ ಇರುತ್ತೆ), ಆಮೇಲೆ ಎರಡೂ ಅಂಚಿಗೆ ಜೋಡಿ ಜೋಡಿ ತೂತು ಕೊರೆದು ಟೈ ಪೋಣಿಸಿ ಗಾಯಕ್ಕೆ ಹೊಲಿಗೆ ಹಾಕಿದ ಹಾಗೆ ಎಳೆದು ಕಟ್ದೆ. ಫಸ್ಟ್ ಟೈಮ್ ಮನೇಲಿದ್ದ ಬಿಳಿ ಟೈ ಹಾಕಿದ್ದೆ, ಒಂದು ಬೇಸಿಗೆ ಕಳೆಯೋಷ್ಟರಲ್ಲಿ ಉಗುರಲ್ಲಿ ಮೀಟಿದ್ರೆ ಪಟ್ ಅಂತ ಮುರಿಯೋ ಹಾಗಾಯ್ತು. ಕರಿ ಟೈ ತಗೊಳ್ಳಿ, ಬಿಸಿಲಿಗೆ ಅಂತ ಮಾಡಿದ್ದು. ಆ ಕರಿ ಬಣ್ಣ ಚಂದಕ್ಕಲ್ಲ, ಅದರಲ್ಲಿರೋ ಕಾರ್ಬನ್ ಬ್ಲ್ಯಾಕೇ ಬಿಸಿಲಿನ ಯುವಿ ಕಿರಣ ತಡೆಯೋದು. ನನ್ನ ಬಂಪರ್ ಇವತ್ತಿಗೂ ಅದರ ಮೇಲೇ ನಿಂತಿದೆ. ಚಕ್ರದ ಒಳಗಡೆ ಜೋತಾಡ್ತಿದ್ದ ಪ್ಲಾಸ್ಟಿಕ್ ಲೈನರ್‌ಗೂ ಅದೇ ಹಾಕಿದೀನಿ. ಆದ್ರೆ ಮಾಮೂಲಿ ನೈಲಾನ್ ಟೈ ಸುಮಾರು 85 ಡಿಗ್ರಿ ತನಕ ಮಾತ್ರ, ಸೈಲೆನ್ಸರ್ ಪೈಪಿನ ಹತ್ರ ಅದನ್ನ ಕಟ್ಟೋಕೆ ಹೋಗ್ಬೇಡಿ. 10ಕ್ಕೆ 9.

ಸ್ಕ್ರೂ ತಿರುಗಿಸಿ ಬಿಗಿ ಮಾಡೋ ಹೋಸ್ ಕ್ಲಿಪ್ ಕೂಡ ಚಿನ್ನದಂಥ ಸಾಮಾನು. ಬ್ರಿಟಿಷ್ ನೌಕಾಪಡೇಲಿದ್ದ ಲಮ್ಲಿ ರಾಬಿನ್ಸನ್ ಅನ್ನೋರು 1921ರಲ್ಲಿ ಇದಕ್ಕೆ ಪೇಟೆಂಟ್ ತಗೊಂಡ್ರಂತೆ, ನೂರು ವರ್ಷ ಆದ್ರೂ ಮೂಲ ಡಿಸೈನ್ ಅದೇ. ನನ್ನ ಸೈಲೆನ್ಸರ್ ಪೈಪಲ್ಲಿ ತುಕ್ಕು ತಿಂದು ತೂತಾಗಿ ಟ್ರ್ಯಾಕ್ಟರ್ ಥರ ಸೌಂಡ್ ಬರ್ತಿತ್ತು, ತಗಡು ಸುತ್ತಿ ಎರಡೂ ಕಡೆ ಒಂದೊಂದು ಕ್ಲಿಪ್ ಬಿಗಿದೆ, ವೆಲ್ಡಿಂಗ್‌ಗೆ ಹೋಗೋ ತನಕ ಮೂರು ವಾರ ಸುಮ್ನಿತ್ತು. ಇದನ್ನ ಪರ್ಮನೆಂಟ್ ಅಂತ ಬಿಟ್ಕೊಂಡು ಕಿಟಕಿ ಮುಚ್ಕೊಂಡು ಓಡಿಸಬೇಡಿ, ಲೀಕ್ ಆಗೋ ಹೊಗೇಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತೆ, ಅದಕ್ಕೆ ವಾಸನೆನೇ ಇಲ್ಲ. ಇನ್ನೊಂದು, ಪಟ್ಟಿ ತುಂಬ ಸೀಳು ಸೀಳಾಗಿ ತೂತು ಇರೋ ಕ್ಲಿಪ್ಪನ್ನ ಮೆತ್ತನೆ ಪೈಪಿಗೆ ಹಾಕಿ ಜೋರಾಗಿ ತಿರುಗಿಸಿದ್ರೆ ರಬ್ಬರ್ ಆ ಸೀಳಿನೊಳಗೆ ನುಗ್ಗಿ ಕತ್ತರಿಸಿ ಹೋಗುತ್ತೆ. ಒಳಮೈ ನುಣ್ಣಗಿರೋದು ಸಿಕ್ಕಿದ್ರೆ ಅದನ್ನೇ ತಗೊಳ್ಳಿ.

ಈಗ ಮಾನ ಹೋದ ಕಥೆ. ಹೀಟರಿಗೆ ಹೋಗೋ ರಬ್ಬರ್ ಪೈಪ್ ಒಂದು ಕಡೆ ಸೀಳಿತ್ತು. ಸೀಳಿದ ತುಂಡು ಕತ್ತರಿಸಿ ತೆಗೆದು, ಮಧ್ಯ ಜಾಯಿಂಟ್ ಕೊಡೋಕೆ ನಲ್ಲಿ ಕೆಲಸದ ಪಿವಿಸಿ ಪೈಪ್ ತುಂಡು ತುರುಕಿ ಎರಡು ಕ್ಲಿಪ್ ಬಿಗಿದೆ, ಸೈಜ್ ಎಷ್ಟು ಕರೆಕ್ಟಾಗಿ ಕೂತಿತ್ತು ಅಂದ್ರೆ ನನ್ನ ಬೆನ್ನು ನಾನೇ ತಟ್ಕೊಂಡೆ. ಎಂಜಿನ್ ತಣ್ಣಗಿದ್ದಾಗ ಒಂದು ಹನಿನೂ ಇಲ್ಲ. ಅರ್ಧ ಗಂಟೆ ಓಡಿಸಿದ ಮೇಲೆ ಬಾನೆಟ್ ಸಂದಿಂದ ಹಬೆ! ಟೆಂಪರೇಚರ್ ಮುಳ್ಳು ಮೇಲೆ ಹತ್ತೋದು ನೋಡಿ ಎದೆ ಧಸಕ್ ಅಂತು. ತಣ್ಣಗಾದ್ಮೇಲೆ ಬಿಚ್ಚಿ ನೋಡಿದ್ರೆ ದುಂಡಗಿದ್ದ ಪೈಪ್ ಕ್ಲಿಪ್ ಕೂತ ಜಾಗದಲ್ಲಿ ಚಪ್ಪಟೆ ಆಗಿ ಒಳಗೆ ಕುಸಿದಿತ್ತು, ಕ್ಲಿಪ್ಪಿನ ಗೆರೆಗಳೂ ಅದರ ಮೇಲೆ ಅಚ್ಚೊತ್ತಿದ್ವು. ಮಾಮೂಲಿ ಪಿವಿಸಿಗೆ ಹೆಚ್ಚುಕಮ್ಮಿ 60 ಡಿಗ್ರಿ ಲಿಮಿಟ್, ಆ ಪೈಪಲ್ಲಿ ಹರಿಯೋ ಕೂಲೆಂಟ್ (ಎಂಜಿನ್ ತಣ್ಣಗಿಡೋ ದ್ರವ) ಇರೋದೇ 90ರ ಆಸುಪಾಸಲ್ಲಿ, ಅದೂ ಪ್ರೆಷರ್ ಬೇರೆ ಇರುತ್ತೆ. ಮೆತ್ತಗಾಗದೆ ಇನ್ನೇನು ಮಾಡುತ್ತೆ ಪಾಪ. ಅದೇ ಹಾರ್ಡ್‌ವೇರ್ ಅಂಗಡೀಲೇ ಹಿತ್ತಾಳೆ ಜಾಯಿಂಟರ್ ಸಿಗ್ತಿತ್ತು, ಆಮೇಲೆ ಅದನ್ನ ಹಾಕ್ದೆ, ಇವತ್ತಿಗೂ ಅಲ್ಲೇ ಇದೆ. ಮೆಕ್ಯಾನಿಕ್ ಆ ಪಿವಿಸಿ ತುಂಡು ಕೈಲಿ ಹಿಡ್ಕೊಂಡು, "ಸಾರ್, ಮನೆ ಪ್ಲಂಬಿಂಗ್‌ನ ಯಾವಾಗ ಕಾರಿಗೆ ಶಿಫ್ಟ್ ಮಾಡಿದ್ರಿ" ಅಂತ ಕೇಳ್ದ. ಏನ್ ಉತ್ತರ ಕೊಡ್ಲಿ.

ನಲ್ಲಿ ವಾಷರ್‌ದೂ ಇದೇ ಹಣೆಬರಹ. ಆಯಿಲ್ ಹಾಕೋ ಮುಚ್ಚಳದ ಕೆಳಗಿನ ರಬ್ಬರ್ ರಿಂಗ್ ಗಟ್ಟಿಯಾಗಿ ಆಯಿಲ್ ಜಿನುಗ್ತಿತ್ತು ಅಂತ ಅದೇ ಸೈಜಿನ ನೀರಿನ ರಿಂಗ್ ಹಾಕ್ದೆ, ವಾರ ಬಿಟ್ಟು ತೆಗೆದ್ರೆ ಊದ್ಕೊಂಡು ಜಾಗದಲ್ಲಿ ಕೂರದೆ ಹೊರಗೆ ನೇತಾಡ್ತಿದೆ. ನೀರಿಗೆ ಬಳಸೋ ರಬ್ಬರ್ ಎಷ್ಟೋ ಸಲ ಇಪಿಡಿಎಂ ಆಗಿರುತ್ತೆ, ಅದಕ್ಕೆ ಆಯಿಲ್, ಪೆಟ್ರೋಲ್ ಆಗಲ್ಲ, ಅವಕ್ಕೆ ನೈಟ್ರೈಲ್ ರಬ್ಬರ್ ಬೇಕು. ಬ್ರೇಕ್ ಆಯಿಲ್‌ಗೆ ಮಾತ್ರ ಉಲ್ಟಾ, ಅಲ್ಲಿ ಇಪಿಡಿಎಂ ಸರಿ, ನೈಟ್ರೈಲ್ ಊದುತ್ತೆ. ನೋಡೋಕೆ ಎರಡೂ ಕಪ್ಪು ರಿಂಗೇ. ಹಂಗಾಗಿ ಬ್ರೇಕಿನ ತಂಟೆಗೆ ನಾನಂತೂ ಹೋಗಲ್ಲ.

ಬಾತ್‌ರೂಮ್ ಸಿಲಿಕೋನ್ ಬಗ್ಗೆ ಹೇಳ್ಲೇಬೇಕು. ಫಾಗ್ ಲ್ಯಾಂಪೊಳಗೆ ನೀರು ಹೋಗ್ತಿತ್ತು ಅಂತ ಹಿಂದಗಡೆ ಎಲ್ಲ ಸಿಲಿಕೋನ್ ಮೆತ್ತಿದ್ದೆ, ಮೂಗಿಗೆ ಹೊಡೆಯೋ ವಿನಿಗರ್ ಥರದ ಹುಳಿ ವಾಸನೆ ಬರ್ತಿತ್ತು, ಒಣಗಿದ್ರೆ ಹೋಗುತ್ತೆ ಅಂತ ಸುಮ್ನಾದೆ. ಎರಡು ತಿಂಗಳಿಗೆ ಬಲ್ಬ್ ಮಿಣಮಿಣ ಅನ್ನೋಕೆ ಶುರು, ಬಿಚ್ಚಿದ್ರೆ ಪಿನ್ ಮೇಲೆಲ್ಲ ಹಸಿರು ಪುಡಿ. ಆ ವಾಸನೆ ಅಸಿಟಿಕ್ ಆಸಿಡ್‌ದು, ಸಿಲಿಕೋನ್ ಗಟ್ಟಿಯಾಗ್ತಾ ಹೊರಗೆ ಬಿಡುತ್ತೆ, ತಾಮ್ರನೆಲ್ಲ ತಿಂದುಹಾಕುತ್ತೆ. ಡಬ್ಬದ ಮೇಲೆ ನ್ಯೂಟ್ರಲ್ ಕ್ಯೂರ್ ಅಂತ ಇದ್ರೆ ಮಾತ್ರ ವೈರಿನ ಹತ್ರ ಬಿಡಿ. ಅಂಗಡಿಯವನನ್ನ ಕೇಳಿದ್ರೆ ಎರಡೂ ಒಂದೇ ಅಂದ. ಒಂದಲ್ಲ.

ಅದೇ ಲ್ಯಾಂಪಿಗೆ ವೈರ್ ಎಳೆಯುವಾಗ ಇನ್ನೊಂದು ಎಡವಟ್ಟು. ಮನೆ ವೈರಿಂಗಲ್ಲಿ ಉಳಿದಿದ್ದ ಒಂಟಿ ಎಳೆ ತಾಮ್ರದ ವೈರ್ ಇತ್ತು, ದಪ್ಪಗಿದೆ ಅಲ್ವಾ ಅಂತ ಅದನ್ನೇ ಹಾಕ್ದೆ. ಗೋಡೆಯೊಳಗೆ ಅದು ಅಲ್ಲಾಡಲ್ಲ, ಕಾರಲ್ಲಿ ಅಲ್ಲಾಡದೇ ಇರೋ ಕ್ಷಣನೇ ಇಲ್ಲ, ಹಂಗಾಗಿ ಮೇಲಿನ ಪ್ಲಾಸ್ಟಿಕ್ ಚೆನ್ನಾಗೇ ಇದ್ದು ಒಳಗೆ ತಾಮ್ರ ಮುರಿದುಹೋಗಿತ್ತು, ಹುಡುಕೋಕೆ ಒಂದು ಭಾನುವಾರ ಪೂರ್ತಿ ಹಾಳಾಯ್ತು. ಕಾರಿಗೆ ಸಣ್ಣ ಎಳೆಗಳ ಮಲ್ಟಿ ಸ್ಟ್ರಾಂಡ್ ವೈರೇ ಬೇಕು. 55 ವಾಟಿನ ಎರಡು ಬಲ್ಬ್ ಅಂದ್ರೆ 12 ವೋಲ್ಟಲ್ಲಿ 9 ಆಂಪಿಯರ್ ದಾಟುತ್ತೆ, ವೈರ್ ಅದನ್ನ ತಡ್ಕೋಬೇಕು, ಬ್ಯಾಟರಿ ಹತ್ತಿರದಲ್ಲೇ ಫ್ಯೂಸ್ ಇರ್ಲೇಬೇಕು. ಇನ್ಸುಲೇಶನ್ ಟೇಪ್ ಬಾನೆಟ್ ಬಿಸಿಗೆ ಗೋಂದಾಗಿ ಜಾರಿ ಬರುತ್ತೆ, ಬಿಸಿ ಮಾಡಿದ್ರೆ ಕುಗ್ಗಿ ಬಿಗಿಯಾಗೋ ಹೀಟ್ ಶ್ರಿಂಕ್ ಟ್ಯೂಬ್ ಹಾಕಿ.

ನಟ್ಟು ಬೋಲ್ಟು: ನಂಬರ್ ಪ್ಲೇಟು, ಮಡ್ ಫ್ಲ್ಯಾಪಿಗೆ ಕಣ್ಣು ಮುಚ್ಕೊಂಡು ತಗೊಳ್ಳಿ. ಬ್ರೇಕು, ಸಸ್ಪೆನ್ಷನ್, ಸೀಟ್ ಬೆಲ್ಟ್ ಮೂರಕ್ಕೂ ಬೇಡವೇ ಬೇಡ. ಕಾರಿನ ಬೋಲ್ಟ್ ತಲೆ ಮೇಲೆ 8.8, 10.9 ಅಂತ ಕೊರೆದಿರುತ್ತೆ ನೋಡಿ, 8.8 ಅಂದ್ರೆ ಅದರ ಎಳೆತ ತಡೆಯೋ ಶಕ್ತಿ 800 ಮೆಗಾಪ್ಯಾಸ್ಕಲ್, ಡಬ್ಬಿಯಿಂದ ಎಣಿಸಿ ಕೊಡೋ ಬೋಲ್ಟು 4.6 ಆಗಿದ್ರೆ ಅದರಲ್ಲಿ ಅರ್ಧ. ಥ್ರೆಡ್ಡೂ ನೋಡ್ಕೊಳ್ಳಿ, ಅಂಗಡೀಲಿ ಸಿಗೋ ಎಂ10 ಬೋಲ್ಟ್ ಸಾಮಾನ್ಯವಾಗಿ 1.5 ಪಿಚ್ (ಥ್ರೆಡ್ಡಿನ ಒಂದು ಸುತ್ತಿಂದ ಇನ್ನೊಂದಕ್ಕೆ ಇರೋ ಅಂತರ, ಮಿಲಿಮೀಟರಲ್ಲಿ), ಕಾರಲ್ಲಿ ಎಷ್ಟೋ ಕಡೆ 1.25 ಇರುತ್ತೆ. ಎರಡು ಸುತ್ತು ಕೈಯಲ್ಲೇ ಹೋಗುತ್ತೆ, ಆಮೇಲೆ ಬಿಗಿ ಆಯ್ತು ಅಂತ ಸ್ಪ್ಯಾನರ್ ಹಾಕಿ ಒತ್ತಿದ್ರೆ ಥ್ರೆಡ್ ಢಮಾರ್. ಕೇಳ್ಬೇಡಿ ಹೆಂಗೆ ಗೊತ್ತು ಅಂತ.

ಡಬ್ಲ್ಯೂಡಿ-40 ಸ್ಪ್ರೇ ತುಕ್ಕು ಹಿಡಿದ ನಟ್ ಬಿಡಿಸೋಕೆ ಬೊಂಬಾಟ್, ಬಾಗಿಲಿನ ಕೀಲಿಗೆ ಹೊಡೆದು ಗ್ರೀಸ್ ಹಾಕಿದ ಸಮಾಧಾನದಲ್ಲಿರೋದು ಮಾತ್ರ ತಪ್ಪು, ಮುಂದಿನ ತಿಂಗಳು ಮತ್ತೆ ಕಿರ್ರ್ ಅನ್ನುತ್ತೆ. ಟೆಫ್ಲಾನ್ ಟೇಪು ನಲ್ಲಿಗೇ ಇರ್ಲಿ. ಒಂದೇ ವೈರ್ ಇರೋ ಆಯಿಲ್ ಪ್ರೆಷರ್ ಸ್ವಿಚ್ಚಿಗೆ ಥ್ರೆಡ್ ಮೂಲಕಾನೇ ಅರ್ತ್ ಸಿಗೋದು, ಅಲ್ಲಿ ಟೇಪ್ ಸುತ್ತಿದ್ರೆ ಅದೇ ಕಟ್ಟಾಗಬಹುದು. ಹಳದಿ ಹೆಡ್‌ಲೈಟಿಗೆ 800, 1500, 2000 ನಂಬರಿನ ವಾಟರ್ ಪೇಪರ್ ಒಂದಾದ್ಮೇಲೊಂದು ನೀರು ಹಾಕಿ ತಿಕ್ಕಿ ಪಾಲಿಶ್ ಮಾಡಿದೆ, ಹೊಸದಾಯ್ತು. ಆದ್ರೆ ತಿಕ್ಕಿದಾಗ ಮೇಲಿನ ಯುವಿ ಪದರನೂ ಹೋಗುತ್ತೆ, ಯುವಿ ತಡೆಯೋ ಕ್ಲಿಯರ್ ಕೋಟ್ ಹೊಡೀದೇ ಬಿಟ್ಟಿದ್ದಕ್ಕೆ ಆರು ತಿಂಗಳಲ್ಲಿ ಮತ್ತೆ ಹಳದಿ.

ಕೊನೇದಾಗಿ ನನಗೆ ಆಶ್ಚರ್ಯ ತಂದಿದ್ದು ತಾರಸಿ ಲೀಕಿಗೆ ಅಂಟಿಸೋ ಅಲ್ಯುಮಿನಿಯಂ ಹಾಳೆಯ ಬ್ಯೂಟೈಲ್ (ಅಂಟು ರಬ್ಬರ್) ಟೇಪು. ಬಾಗಿಲೊಳಗಿನ ತಗಡಿಗೆ ಒಳ್ಳೇ ಬಟ್ಟೇಲಿ ಎಣ್ಣೆ ಜಿಡ್ಡು ಒರೆಸಿ ಅಂಟಿಸಿದೆ, ಮೊದಲು ಡಬ್ಬ ಮುಚ್ಚಿದ ಹಾಗೆ ಢಣ್ ಅಂತಿದ್ದ ಬಾಗಿಲು ಈಗ ದುಬಾರಿ ಕಾರಿನ ಹಾಗೆ ಧಪ್ ಅಂತ ಮುಚ್ಕೊಳ್ಳುತ್ತೆ. ಪಕ್ಕದಲ್ಲೇ ಅದೇ ಥರ ಕಾಣೋ ಡಾಂಬರಿನ ಟೇಪೂ ಇರುತ್ತೆ, ಇನ್ನೂ ಚೀಪು, ನಾನು ಇನ್ನೊಂದು ಬಾಗಿಲಿಗೆ ಅದನ್ನೇ ಹಾಕಿದ್ದೆ. ಬಿಸಿಲಲ್ಲಿ ನಿಲ್ಲಿಸಿದ ದಿನ ಕಾರೊಳಗೆಲ್ಲ ರಸ್ತೆ ಹಾಕೋ ವಾಸನೆ, ಟೇಪು ಜಾರಿ ಕಿಟಕಿ ಗಾಜು ಇಳಿಯೋ ಕಂಬಿಗೆ ಮೆತ್ಕೊಂಡು ಗಾಜು ಅರ್ಧಕ್ಕೇ ನಿಂತಿದೆ. ಸೀಮೆಎಣ್ಣೆ ಹಾಕಿ ಉಜ್ತಾ ಇದೀನಿ, ಇನ್ನೂ ಪೂರ್ತಿ ಇಳೀತಿಲ್ಲ.