ಇಬ್ಬರೇ ಕಡಲಿಗೆ ಹೊರಟರೆ: ಮಾಲ್ಡೀವ್ಸ್, ಫುಕೆಟ್, ಸೆಶೆಲ್ಸ್

ಮೊದಲೇ ಹೇಳಿಬಿಡುತ್ತೇನೆ, ಗಂಡ ಹೆಂಡತಿ ಇಬ್ಬರೇ ದೋಣಿಯಲ್ಲಿ ತಂಗುವ ಪ್ರವಾಸಕ್ಕೆ ನನ್ನ ಮತ ಸೆಶೆಲ್ಸ್‌ಗೆ. ಇಬ್ಬರಿಗಾಗಿಯೇ ಒಂದು ಕ್ಯಾಟಮರಾನ್, ಅಂದರೆ ಎರಡು ಒಡಲಿನ ಹಾಯಿದೋಣಿ, ಅದನ್ನು ನಡೆಸಲು ಒಬ್ಬ ಸ್ಕಿಪರ್, ಅಷ್ಟು ಸಾಕು. ಮಾಲ್ಡೀವ್ಸ್‌ನ ಸಫಾರಿ ದೋಣಿಯಲ್ಲೂ ಥಾಯ್ಲೆಂಡಿನ ಫುಕೆಟ್‌ನ ಯಾಟ್‌ನಲ್ಲೂ ಮಲಗಿ ಎದ್ದು ಬಂದ ಮೇಲೆ ಹೇಳುತ್ತಿರುವ ಮಾತಿದು. ಮುಂಬೈ ಮಾಟುಂಗಾದ ನಮ್ಮ ಬಳಗದಲ್ಲಿ ಮದುವೆಯ ಬೆಳ್ಳಿಹಬ್ಬಕ್ಕೆ ಇಂಥ ಪ್ರವಾಸ ಮಾಡಬೇಕೆಂದು ಕೇಳುವವರು ಹೆಚ್ಚಾಗಿದ್ದಾರೆ. ಫೋನಿನಲ್ಲಿ ಒಬ್ಬೊಬ್ಬರಿಗೆ ಚೂರು ಚೂರು ಹೇಳಿದ್ದನ್ನೆಲ್ಲ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ನಾವು ಎಂಥವರು ಎಂಬುದೂ ಓದುವವರಿಗೆ ಗೊತ್ತಿರಲಿ. ಇವರು ಬ್ಯಾಂಕಿನಲ್ಲಿದ್ದಾರೆ, ನಾನು ಶಾಲೆಯಲ್ಲಿ ಪಾಠ ಮಾಡುತ್ತೇನೆ. ಇಬ್ಬರೂ ಸಸ್ಯಾಹಾರಿಗಳು. ಈಜು ಬರುತ್ತದೆ, ಸ್ಕೂಬಾ ಮಾಡುವುದಿಲ್ಲ. ರಾತ್ರಿ ಹತ್ತಕ್ಕೆ ದೀಪ ಆರಿರಬೇಕು, ಬೆಳಗಿನ ಜಾವ ಕಾಫಿ ಬೇಕು. ಹಣ ತಿಂಗಳು ತಿಂಗಳು ಆರ್‌ಡಿ ಕಟ್ಟಿ ಕೂಡಿಸಿದ್ದು. ಆದ್ದರಿಂದ ಕೊಟ್ಟ ದುಡ್ಡಿಗೆ ನೆಮ್ಮದಿ ಸಿಗಲೇಬೇಕು ಎಂಬ ಹಟ ನನಗಿದೆ. ಡೈವಿಂಗ್ ಹುಚ್ಚಿನವರು, ಹತ್ತು ಜನರ ಜೊತೆ ಹರಟೆ ಹೊಡೆಯುತ್ತಾ ರಾತ್ರಿ ಕಳೆಯುವವರು ನನ್ನ ತೀರ್ಪನ್ನು ತಲೆಕೆಳಗು ಮಾಡಿಕೊಂಡರೂ ತಪ್ಪಿಲ್ಲ.

ಕೋಣೆ ಎಷ್ಟು ದೊಡ್ಡದು, ಮಂಚ ಎಷ್ಟು ಅಗಲ, ಬಾತ್‌ರೂಮ್ ಹೇಗಿದೆ ಎಂಬುದನ್ನೆಲ್ಲ ಏಜೆಂಟರ ಫೋಟೋಗಳೇ ತೋರಿಸುತ್ತವೆ. ಫೋಟೋದಲ್ಲಿ ಕಾಣಿಸದ ಸಂಗತಿ ಒಂದಿದೆ. ಅದು ಜನರೇಟರ್.

ಮಾಲ್ಡೀವ್ಸ್‌ನಲ್ಲಿ ನಾವು ಹತ್ತಿದ್ದು ದೊಡ್ಡ ಸಫಾರಿ ದೋಣಿ. ಹೆಸರಿಗೆ ಕಡಲಯಾನ, ಆದರೆ ಇಂಥ ದೋಣಿಗಳಲ್ಲಿ ಹೆಚ್ಚಿನವು ಹಾಯಿಯಿಂದಲ್ಲ, ಎಂಜಿನ್ನಿನಿಂದ ಓಡುತ್ತವೆ. ಎಸಿ, ಅಡುಗೆಮನೆಯ ಫ್ರೀಜರ್, ಉಪ್ಪುನೀರನ್ನು ಸಿಹಿನೀರು ಮಾಡುವ ಯಂತ್ರ, ಡೈವಿಂಗ್ ಸಿಲಿಂಡರ್ ತುಂಬುವ ಕಂಪ್ರೆಸರ್ ಎಲ್ಲಕ್ಕೂ ಕರೆಂಟು ಬೇಕು, ಅದು ಬರುವುದು ಡೀಸೆಲ್ ಜನರೇಟರಿನಿಂದ. ಅದು ಹಗಲೂ ರಾತ್ರಿಯೂ ನಿಲ್ಲುವುದಿಲ್ಲ. ನಮ್ಮ ಕೋಣೆ ಕೆಳ ಅಂತಸ್ತಿನಲ್ಲಿ, ಎಂಜಿನ್ ಕೋಣೆಗೆ ಹತ್ತಿರ. ಗಣೇಶೋತ್ಸವದ ಪೆಂಡಾಲಿನ ಹಿಂದೆ ಜನರೇಟರ್ ಇಡುತ್ತಾರಲ್ಲ, ಅದರ ಪಕ್ಕದಲ್ಲಿ ಮಂಚ ಹಾಕಿಕೊಂಡ ಹಾಗೆ. ಸದ್ದಿಗಿಂತ ಕಷ್ಟವಾದದ್ದು ನಡುಕ. ದಿಂಬಿಗೆ ಕಿವಿ ಕೊಟ್ಟರೆ ಹಲ್ಲಿನವರೆಗೂ ಬರುತ್ತಿತ್ತು.

ಕಿಟಕಿ ತೆರೆದು ಎಸಿ ಆರಿಸೋಣವೆಂದರೆ ಕೆಳ ಅಂತಸ್ತಿನ ಗುಂಡು ಕಿಟಕಿಗಳು ತೆರೆಯುವಂಥವಲ್ಲ, ನೀರಿನ ಮಟ್ಟಕ್ಕೆ ಹತ್ತಿರವಿರುವುದರಿಂದ ಭದ್ರವಾಗಿ ಮುಚ್ಚಿರುತ್ತಾರೆ. ಮೇಲಿನ ಕೋಣೆ ಕೇಳಿದೆವು, ಖಾಲಿ ಇರಲಿಲ್ಲ. ಕೊನೆಗೆ ಚಾದರ ಹಿಡಿದು ಮೇಲಿನ ಡೆಕ್ಕಿಗೆ ಹೋದೆವು. ಅಲ್ಲಿ ನಕ್ಷತ್ರಗಳಿದ್ದವು, ಗಾಳಿ ಇತ್ತು, ಮಧ್ಯರಾತ್ರಿ ದಾಟಿದರೂ ಮಾತು ಮುಗಿಸದ ಬೇರೆ ಪ್ರಯಾಣಿಕರೂ ಇದ್ದರು. ಅವರದೇನೂ ತಪ್ಪಿಲ್ಲ, ಅವರೂ ದುಡ್ಡು ಕೊಟ್ಟೇ ಬಂದವರು. ಆದರೆ ಇಬ್ಬರೇ ಇರಬೇಕೆಂದು ಹೋದವರಿಗೆ ಇಬ್ಬರೇ ಇರಲು ಜಾಗವೇ ಇರಲಿಲ್ಲ. ಬೆಳಿಗ್ಗೆ ನಡುನೀರಿನ ಮರಳದಿಬ್ಬದ ಮೇಲೆ ಕೊಡೆ ನೆಟ್ಟು ತಿಂಡಿ ಬಡಿಸಿದಾಗ ನಾನು ಕೂತಲ್ಲೇ ತೂಕಡಿಸುತ್ತಿದ್ದೆ. ಆ ಬೇಸರ ಇನ್ನೂ ಹೋಗಿಲ್ಲ.

ಫುಕೆಟ್‌ನಲ್ಲಿ ದೋಣಿ ಪೂರ್ತಿ ನಮ್ಮದೇ. ನಿಜವಾದ ಹಾಯಿದೋಣಿ, ಒಂದೇ ಒಡಲಿನದು. ಪಾಂಗ್‌ಙಾ ಕೊಲ್ಲಿಯಲ್ಲಿ ನೀರಿನಿಂದ ನೇರ ಮೇಲೆದ್ದ ಸುಣ್ಣಕಲ್ಲಿನ ಬಂಡೆಗಳ ನಡುವೆ ಲಂಗರು ಹಾಕುತ್ತಿದ್ದರು. ಇಲ್ಲಿ ರಾತ್ರಿ ಹತ್ತಕ್ಕೆ ಜನರೇಟರ್ ನಿಲ್ಲಿಸುವುದು ಕ್ಯಾಪ್ಟನ್‌ನ ನಿಯಮ. ನಮಗೆ ಒಳ್ಳೆಯದೇ ಆಯಿತು ಅಂದುಕೊಂಡೆವು. ಆದರೆ ಆ ಬಂಡೆಗಳೇ ಗಾಳಿಗೆ ಅಡ್ಡ. ಫೆಬ್ರವರಿಯಲ್ಲೂ ಕೋಣೆಯೊಳಗೆ ಬೆವರು ಇಳಿಯುತ್ತಿತ್ತು. ದೂರದಲ್ಲಿ ಕೂತಲ್ಲೇ ಕೂತ ಮೀನುಗಾರರ ದೋಣಿಗಳು, ಬೊಂಡಾಸ್ (ಸ್ಕ್ವಿಡ್) ಹಿಡಿಯಲು ಹಚ್ಚುವ ಹಸಿರು ದೀಪಗಳನ್ನು ಬೆಳಗಿನವರೆಗೆ ಉರಿಸುತ್ತಿದ್ದವು. ನೋಡಲು ಚೆಂದ, ಆದರೆ ಅವುಗಳ ಎಂಜಿನ್ ಸದ್ದು ನೀರಿನ ಮೇಲೆ ಬಹಳ ದೂರ ಹರಿಯುತ್ತದೆ. ಹಾಗಿದ್ದರೂ ಮಾಲ್ಡೀವ್ಸ್‌ಗಿಂತ ಎಷ್ಟೋ ವಾಸಿ. ಹಗಲೆಲ್ಲ ಪ್ರವಾಸಿಗರ ಸ್ಪೀಡ್‌ಬೋಟ್‌ಗಳ ಗಲಾಟೆ, ಸಂಜೆ ಅವು ಊರಿಗೆ ಮರಳಿದ ಮೇಲೆ ಕೊಲ್ಲಿ ನಮ್ಮದು.

ಇನ್ನು ಸೆಶೆಲ್ಸ್. ಲಂಗರು ಹಾಕಿದ ದೋಣಿ ತಾನಾಗಿಯೇ ಗಾಳಿ ಬರುವ ಕಡೆಗೆ ಮುಖ ತಿರುಗಿಸಿ ನಿಲ್ಲುತ್ತದೆ. ಕ್ಯಾಟಮರಾನಿನ ಮುಂದಿನ ಕೋಣೆಗಳಲ್ಲಿ ಮಂಚದ ಮೇಲೆಯೇ ಒಂದು ಹ್ಯಾಚ್, ಅಂದರೆ ಮೇಲಕ್ಕೆ ತೆರೆಯುವ ಕಿಂಡಿ ಇರುತ್ತದೆ. ಅದನ್ನು ತೆರೆದಿಟ್ಟರೆ ಗಾಳಿ ನೇರವಾಗಿ ಮಂಚಕ್ಕೆ ಇಳಿಯುತ್ತದೆ. ಮೇಯಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಆಗ್ನೇಯದ ಗಾಳಿ ಬಿಡದೆ ಬೀಸುತ್ತದೆ. ಪ್ರಾಲಿನ್ ದ್ವೀಪದ ವಾಯವ್ಯದಲ್ಲಿರುವ ಆನ್ಸ್ ಲಾಜಿಯೋ ಕಡಲತೀರ ಆ ತಿಂಗಳುಗಳಲ್ಲಿ ಗುಡ್ಡದ ಮರೆಯಲ್ಲಿರುತ್ತದೆ. ಅಲೆ ಬರುವುದಿಲ್ಲ, ಗುಡ್ಡ ದಾಟಿ ಗಾಳಿ ಮಾತ್ರ ಬರುತ್ತದೆ. ಎಸಿಯೂ ಬೇಡ, ಜನರೇಟರೂ ಬೇಡ. ಫ್ರಿಜ್ಜು, ದೀಪಗಳಿಗೆ ಬ್ಯಾಟರಿ ಸಾಕಾಯಿತು, ಅದನ್ನು ತುಂಬಲು ಚಾವಣಿಯ ಮೇಲೆ ಸೋಲಾರ್ ಫಲಕಗಳು. ಒಂದೇ ತಾಪತ್ರಯ ಎಂದರೆ ನಡುರಾತ್ರಿಯ ತುಂತುರು ಮಳೆ. ಮುಖದ ಮೇಲೆ ಹನಿ ಬಿದ್ದಾಗ ಎದ್ದು ಕಿಂಡಿ ಮುಚ್ಚಬೇಕು, ನಿಂತ ಮೇಲೆ ಮತ್ತೆ ತೆರೆಯಬೇಕು. ಹಾಗೆ ಎದ್ದಾಗಲೆಲ್ಲ ಇಬ್ಬರೂ ಡೆಕ್ಕಿಗೆ ಹೋಗಿ, ಮುಂಭಾಗದಲ್ಲಿ ಎರಡು ಒಡಲುಗಳ ನಡುವೆ ಬಿಗಿದ ಬಲೆಯ ಮೇಲೆ ಅಡ್ಡಾಗಿ ಮಾತಾಡಿದ್ದೇವೆ. ಮಕ್ಕಳು, ಕಂತು, ವರ್ಗಾವಣೆ ಬಿಟ್ಟು ಬೇರೆ ಮಾತು ನಮ್ಮಿಬ್ಬರ ನಡುವೆ ಬಹಳ ವರ್ಷಗಳ ನಂತರ ಬಂದದ್ದು ಅಲ್ಲಿಯೇ.

ದ್ವೀಪಗಳ ವಿಷಯಕ್ಕೆ ಬಂದರೆ ಮೂರೂ ಮೂರು ಥರ. ಮಾಲ್ಡೀವ್ಸ್‌ನ ನೀರಿನ ಬಣ್ಣಕ್ಕೆ ಸಾಟಿ ಇಲ್ಲ. 1,192 ಹವಳದ್ವೀಪಗಳು, 26 ಹವಳದ ಉಂಗುರಗಳು (ಅಟಾಲ್). ಬಾ ಅಟಾಲ್‌ನ ಹನಿಫಾರು ಕೊಲ್ಲಿಗೆ ಮಾಂಟಾ ರೇ ಎಂಬ ದೊಡ್ಡ ತೊರಕೆ ಮೀನುಗಳು ಹಿಂಡುಹಿಂಡಾಗಿ ಬರುತ್ತವೆ. ಆದರೆ ಎಲ್ಲವೂ ಮಟ್ಟಸ, ಹತ್ತಲು ಒಂದು ಗುಡ್ಡವಿಲ್ಲ. ಸೆಶೆಲ್ಸ್‌ನ ಒಳದ್ವೀಪಗಳು ಗ್ರಾನೈಟ್. ನಮ್ಮ ಸಹ್ಯಾದ್ರಿಯ ಕಪ್ಪುಕಲ್ಲಿನ ಲಾವಾ ಹರಿದ ಕಾಲದ ಆಸುಪಾಸಿನಲ್ಲೇ, ಸುಮಾರು 6.5 ಕೋಟಿ ವರ್ಷಗಳ ಹಿಂದೆ, ಆ ನೆಲ ಭಾರತದಿಂದ ಬೇರೆಯಾಯಿತಂತೆ. ಅಲ್ಲಿನ ಲಾ ಡೀಗ್ ದ್ವೀಪದ ನುಣುಪು ಬಂಡೆಗಳಿಗೆ ಒರಗಿ ಕೂತಾಗ ಇವರು ಇದನ್ನು ಹೇಳಿದರು. ಆಮೇಲೆ ಖಂಡಾಲಾ ಘಾಟಿ ಹತ್ತುವಾಗಲೆಲ್ಲ ನನಗೆ ಆ ಬಂಡೆಗಳ ನೆನಪಾಗುತ್ತದೆ.

ದಾರಿಯೂ ಸುಲಭ. ಸೆಶೆಲ್ಸ್‌ನ ಮುಖ್ಯ ದ್ವೀಪ ಮಾಹೆಯಿಂದ ಪ್ರಾಲಿನ್ ಸುಮಾರು 45 ಕಿಲೋಮೀಟರ್, ಹಾಯಿ ಬಿಚ್ಚಿ ನಿಧಾನ ಹೋದರೆ ಐದಾರು ಗಂಟೆ. ಅಲ್ಲಿಂದಾಚೆಗೆ ದ್ವೀಪದಿಂದ ದ್ವೀಪಕ್ಕೆ ಸಣ್ಣ ಸಣ್ಣ ಹಾರಿಕೆ. ಕ್ಯೂರಿಯೂಸ್ ದ್ವೀಪದಲ್ಲಿ ದೈತ್ಯ ಆಮೆಗಳು ದಾರಿಗಡ್ಡ ಮಲಗಿರುತ್ತವೆ. ಪ್ರಾಲಿನ್‌ನ ವಾಲೇ ದ ಮೇ ಕಾಡು 1983ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಜಗತ್ತಿನ ಅತಿ ದೊಡ್ಡ ಬೀಜ ಬಿಡುವ ಕೊಕೊ ದ ಮೇರ್ ತಾಳೆಮರಗಳು ಅಲ್ಲಿವೆ. ಲಾ ಡೀಗ್‌ನ ಹೆಸರಾಂತ ಆನ್ಸ್ ಸೂರ್ಸ್ ದಾರ್ಜಾನ್ ತೀರಕ್ಕೆ ಮಾತ್ರ ದೋಣಿ ಹೋಗುವುದಿಲ್ಲ, ಮುಂದೆ ಹವಳದ ದಿಬ್ಬವಿದೆ. ಬಂದರಿನಲ್ಲಿ ಇಳಿದು ಬಾಡಿಗೆ ಸೈಕಲ್ ತುಳಿಯಿರಿ.

ಸ್ಕಿಪರ್ ಬೇಡ, ನಾವೇ ನಡೆಸುತ್ತೇವೆ ಅನ್ನುವವರಿಗೆ ಪ್ರಮಾಣಪತ್ರ, ಅನುಭವ ಎರಡನ್ನೂ ಕೇಳಬಹುದು. ಉಳಿದವರಿಗೆ ಮೂರನೆಯವರೊಬ್ಬರು ದೋಣಿಯಲ್ಲಿ ಇದ್ದೇ ಇರುತ್ತಾರೆ. ನನಗೆ ಇದರ ಚಿಂತೆ ಬಹಳವಿತ್ತು. ಫುಕೆಟ್‌ನ ದೋಣಿಯಲ್ಲಿ ಕ್ಯಾಪ್ಟನ್, ಅಡುಗೆಯವ, ಸಹಾಯಕ ಎಲ್ಲರೂ ಒಳ್ಳೆಯವರೇ, ಆದರೆ ಒಂದೇ ಒಡಲಿನ ದೋಣಿಯಲ್ಲಿ ಕೋಣೆಗಳ ನಡುವೆ ತೆಳುವಾದ ಹಲಗೆ. ಪಿಸುಮಾತು ಕೂಡ ಆಚೆ ಕೇಳುತ್ತದೆ. ಕ್ಯಾಟಮರಾನಿನಲ್ಲಿ ಕೋಣೆಗಳು ನಾಲ್ಕು ಮೂಲೆಗೆ, ಎರಡು ಬೇರೆ ಬೇರೆ ಒಡಲುಗಳಲ್ಲಿ. ಸ್ಕಿಪರ್ ಒಂದು ಕಡೆ, ನಾವು ಇನ್ನೊಂದು ಕಡೆ. ನಮ್ಮ ಸ್ಕಿಪರ್ ಸಂಜೆ ಲಂಗರು ಗಟ್ಟಿಯಾಯಿತೆಂದು ನೋಡಿದ ಮೇಲೆ ತನ್ನ ಕೋಣೆಗೆ ಹೋಗಿಬಿಡುತ್ತಿದ್ದರು. ಕರೆದರೆ ಮಾತ್ರ ಬರುತ್ತಿದ್ದರು. ಇಬ್ಬರಿಗಾಗಿ ದೋಣಿ ಹಿಡಿಯುವವರು ಇದೊಂದಕ್ಕಾಗಿಯಾದರೂ ಕ್ಯಾಟಮರಾನನ್ನೇ ಆರಿಸಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಊಟ. ಮಾಲ್ಡೀವ್ಸ್‌ನಲ್ಲಿ ಬಫೆ, ಸಸ್ಯಾಹಾರಿಗಳಿಗೆ ಅನ್ನ, ಪಾಸ್ತಾ, ಸಲಾಡ್. ಫುಕೆಟ್‌ನ ಅಡುಗೆಯವನ ಕೈರುಚಿ ಅದ್ಭುತ, ಆದರೆ ಮೀನಿನ ಸಾಸ್ ಇಲ್ಲದೆ ಅವನ ಒಗ್ಗರಣೆಯೇ ಆಗುವುದಿಲ್ಲ, ಪ್ರತಿಸಲ ನೆನಪಿಸಬೇಕು. ಸೆಶೆಲ್ಸ್‌ನಲ್ಲಿ ಅಡುಗೆಯವರನ್ನು ಕೇಳಲೇ ಇಲ್ಲ. ಮಾಟುಂಗಾ ಮಾರ್ಕೆಟ್ಟಿನಿಂದ ಚಟ್ನಿಪುಡಿ, ಸಾರಿನ ಪುಡಿ, ಅವಲಕ್ಕಿ, ಫಿಲ್ಟರ್ ಕಾಫಿಪುಡಿ ಎಲ್ಲ ಸೀಲ್ ಮಾಡಿದ ಪ್ಯಾಕೆಟ್‌ಗಳಲ್ಲಿ ಒಯ್ದೆವು. ತಾಜಾ ತರಕಾರಿ, ಹಣ್ಣು ಒಯ್ಯುವ ಯೋಚನೆ ಬೇಡ. ಉಳಿದದ್ದನ್ನು ರಾಜಧಾನಿ ವಿಕ್ಟೋರಿಯಾದ ಪೇಟೆಯಲ್ಲಿ ಕೊಂಡೆವು. ಇವರು ಅನ್ನ ಇಟ್ಟರು, ನಾನು ಸಾರು ಕುದಿಸಿದೆ, ಸ್ಕಿಪರ್ ಕೂಡ ಎರಡನೇ ಸಲ ಬಡಿಸಿಕೊಂಡರು. ಅಡುಗೆ ಮಾಡುವುದೇ ಬೇಡ ಅನ್ನುವವರಿಗೆ ಇದು ಲಕ್ಷುರಿ ಅನ್ನಿಸಲಿಕ್ಕಿಲ್ಲ. ನನಗೆ ಬೆಳಗಿನ ಜಾವ ಕಡಲ ನಡುವೆ ನನ್ನ ಕಾಫಿ ನನ್ನ ಹದಕ್ಕೆ ಸಿಕ್ಕಿದ್ದೇ ದೊಡ್ಡ ಸುಖ.

ಓಕರಿಕೆಯ ವಿಷಯ: ನನಗೆ ಬೇಗ ತಲೆಸುತ್ತು ಬರುತ್ತದೆ. ಹಾಯಿ ತುಂಬಿದಾಗ ಒಂದೇ ಒಡಲಿನ ದೋಣಿ ಒಂದು ಕಡೆಗೆ ವಾಲುತ್ತದೆ, ಕ್ಯಾಟಮರಾನ್ ಹೆಚ್ಚು ವಾಲುವುದಿಲ್ಲ. ಆದರೆ ಆಗ್ನೇಯ ಗಾಳಿಯ ಕಾಲದಲ್ಲಿ ಮಾಹೆ-ಪ್ರಾಲಿನ್ ನಡುವಿನ ತೆರೆದ ಕಡಲು ಯಾವ ದೋಣಿಯನ್ನೂ ಕುಣಿಸುತ್ತದೆ. ಡಾಕ್ಟರನ್ನು ಕೇಳಿ ಮಾತ್ರೆಯನ್ನು ಹೊರಡುವ ಮೊದಲೇ ತೆಗೆದುಕೊಳ್ಳಿ, ತಲೆಸುತ್ತು ಶುರುವಾದ ಮೇಲೆ ತೆಗೆದುಕೊಂಡರೆ ಪ್ರಯೋಜನ ಕಡಿಮೆ. ಮುಂಬೈಯವರಿಗೆ ಪರೀಕ್ಷೆಯೂ ಸುಲಭ. ಗೇಟ್‌ವೇ ಆಫ್ ಇಂಡಿಯಾದಿಂದ ಗಂಟೆಯ ಲೆಕ್ಕದಲ್ಲಿ ಹಾಯಿದೋಣಿ ಬಾಡಿಗೆಗೆ ಸಿಗುತ್ತದೆ. ಮಳೆಗಾಲ ಬಿಟ್ಟು, ಸಂಜೆಯ ಗಾಳಿಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿ ತಡೆಯದವರು ಲಕ್ಷಗಟ್ಟಲೆ ಮುಂಗಡ ಕಟ್ಟುವ ಮೊದಲು ಇನ್ನೊಮ್ಮೆ ಯೋಚಿಸಬಹುದು.

ಕಾಲ ನೋಡದೆ ಟಿಕೆಟ್ ತೆಗೆಯಬೇಡಿ. ಮಾಲ್ಡೀವ್ಸ್‌ಗೆ ಡಿಸೆಂಬರ್‌ನಿಂದ ಏಪ್ರಿಲ್ ಒಣಕಾಲ, ಫುಕೆಟ್‌ಗೆ ನವೆಂಬರ್‌ನಿಂದ ಏಪ್ರಿಲ್. ಫುಕೆಟ್ ಕಡೆಯ ಸಿಮಿಲಾನ್ ದ್ವೀಪಗಳನ್ನಂತೂ ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚಿರುತ್ತಾರೆ. ಶಾಲೆಯ ರಜೆ ನೋಡಿ ಹೊರಡುವ ನಮ್ಮಂಥವರಿಗೆ ಏಪ್ರಿಲ್ ಮತ್ತು ಅಕ್ಟೋಬರ್‌ನ ಸೆಶೆಲ್ಸ್ ಹೇಳಿ ಮಾಡಿಸಿದ್ದು: ಗಾಳಿ ದಿಕ್ಕು ಬದಲಿಸುವ ತಿಂಗಳುಗಳು, ಕಡಲು ಶಾಂತ, ನೀರು ತಿಳಿ. ಹಾಯಿ ಮಾತ್ರ ಆಗಾಗ ಜೋಲುತ್ತದೆ, ಎಂಜಿನ್ ಹಾಕಬೇಕಾಗುತ್ತದೆ. ಹಾಯಿಯ ಸುಖವೇ ಮುಖ್ಯವಾದರೆ ಮೇ ಕೊನೆಯ ವಾರ ಒಳ್ಳೆಯದು, ಮುಂಬೈಯಲ್ಲಿ ಮಳೆ ಹಿಡಿಯುವ ಮೊದಲು ಹೋಗಿ ಬರಬಹುದು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ವಾಯವ್ಯದ ಗಾಳಿ. ಆಗ ಆನ್ಸ್ ಲಾಜಿಯೋಗೆ ನೇರ ಅಲೆ ಬಡಿಯುತ್ತದೆ, ರಾತ್ರಿ ತಂಗುವ ಜಾಗ ಬೇರೆ ನೋಡಬೇಕು.

ಹಣದ ಲೆಕ್ಕದಲ್ಲಿ ಸೆಶೆಲ್ಸೇ ದುಬಾರಿ. ದೋಣಿಯ ಬಾಡಿಗೆ ವಾರದ ಲೆಕ್ಕದಲ್ಲಿ, ಅದೂ ಇಡೀ ದೋಣಿಗೆ. ಇಬ್ಬರೇ ಹೋದರೆ ನಾಲ್ಕು ಕೋಣೆಯ ಬಾಡಿಗೆಯನ್ನು ಇಬ್ಬರೇ ಹೊರಬೇಕು. ಸ್ಕಿಪರ್‌ನ ದಿನಗೂಲಿ, ಊಟ, ಡೀಸೆಲ್, ಸಮುದ್ರ ಉದ್ಯಾನಗಳ ಶುಲ್ಕ ಎಲ್ಲ ಬೇರೆ. ಮೇಲಿಂದ ಭದ್ರತಾ ಠೇವಣಿಯೆಂದು ಕ್ರೆಡಿಟ್ ಕಾರ್ಡಿನಲ್ಲಿ ದೊಡ್ಡ ಮೊತ್ತ ತಡೆಹಿಡಿಯುತ್ತಾರೆ. ಕಾರ್ಡಿನ ಮಿತಿ ಸಾಕೇ, ವಿದೇಶದ ವ್ಯವಹಾರ ತೆರೆದಿದೆಯೇ ಎಂದು ಮುಂಬೈಯಲ್ಲೇ ನೋಡಿಕೊಳ್ಳಿ. ಇಲ್ಲಿನ ಏಜೆಂಟರ ಪ್ಯಾಕೇಜ್ ಕೊಂಡರೆ ಟಿಸಿಎಸ್, ಅಂದರೆ ಮೂಲದಲ್ಲೇ ವಸೂಲಿ ಮಾಡುವ ತೆರಿಗೆ, ಹಿಡಿಯುತ್ತಾರೆ, ಅದನ್ನು ಆದಾಯ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದು. ಸೆಶೆಲ್ಸ್‌ಗೆ ವೀಸಾ ಬೇಕಿಲ್ಲ, ಆದರೆ ಪ್ರಯಾಣದ ಅನುಮತಿಗೆ ಮುಂಚೆಯೇ ಆನ್‌ಲೈನ್ ಅರ್ಜಿ ಹಾಕಬೇಕು. ನಾವು ಹೋದದ್ದು ಮುಂಬೈಯಿಂದ ನೇರ ವಿಮಾನದಲ್ಲಿ.

ಅಷ್ಟು ಹಣ ಒಗ್ಗದಿದ್ದರೆ ನನ್ನ ಎರಡನೇ ಆಯ್ಕೆ ಫುಕೆಟ್, ಆದರೆ ಕ್ಯಾಟಮರಾನ್ ಹಿಡಿದು, ದಿನಗಳನ್ನು ಕಡಿಮೆ ಮಾಡಿಕೊಂಡು. ಮಾಲ್ಡೀವ್ಸ್‌ನ ಸಫಾರಿ ದೋಣಿ ಡೈವಿಂಗ್ ಮಾಡುವ ಜೋಡಿಗೆ ಸರಿ, ಉಳಿದವರು ಅದೇ ಹಣದಲ್ಲಿ ದ್ವೀಪದ ರೆಸಾರ್ಟಿನಲ್ಲೇ ಉಳಿಯುವುದು ಮೇಲು. ಯಾವುದನ್ನೇ ಹಿಡಿಯಿರಿ, ಮುಂಗಡ ಕಟ್ಟುವ ಮೊದಲು ಏಜೆಂಟರಿಂದ ಮೂರು ಉತ್ತರಗಳನ್ನು ಇಮೇಲ್‌ನಲ್ಲೇ ತರಿಸಿಕೊಳ್ಳಿ: ರಾತ್ರಿ ಜನರೇಟರ್ ಎಷ್ಟು ಹೊತ್ತಿನವರೆಗೆ ಓಡುತ್ತದೆ, ನಮ್ಮ ಕೋಣೆಯ ಕಿಂಡಿ ತೆರೆಯುತ್ತದೆಯೇ, ಸಿಬ್ಬಂದಿ ಮಲಗುವುದು ಎಲ್ಲಿ.