ದಾವಣಗೆರೆಯಿಂದ ಕೆಲಸ ಮಾಡುವವರಿಗೆ ಭತ್ಯೆ ಕೊಡೋದಾ, ಸಾಮಾನು ಕೊಡಿಸೋದಾ?

ನಿಮ್ಮ ಸಿಬ್ಬಂದಿ ವಿದ್ಯಾನಗರದಲ್ಲೋ ನಿಟ್ಟುವಳ್ಳಿಯಲ್ಲೋ ಮನೆಯಿಂದ ಕೆಲಸ ಮಾಡ್ತಿದ್ದರೆ, ಮಾಲೀಕರಾದ ನಿಮ್ಮ ಮುಂದೆ ಎರಡು ದಾರಿ: ತಿಂಗಳಿಗಿಷ್ಟು ಅಂತ ಭತ್ಯೆ, ಇಲ್ಲವೇ ಬೇಕಾದ್ದನ್ನು ಕಂಪನಿಯೇ ಕೊಡಿಸುವುದು.

ಭತ್ಯೆ ಕೊಡುವುದು ಸಲೀಸು. ಆದರೆ ಆ ದುಡ್ಡು ಮನೆಖರ್ಚಿನಲ್ಲಿ ಕರಗಿಹೋಗುತ್ತೆ, ಕೂರುವ ಕುರ್ಚಿ ಮಾತ್ರ ಅದೇ ಪ್ಲಾಸ್ಟಿಕ್ಕಿನದು. ಸಂಬಳದ ಜೊತೆ ಸೇರಿದ್ದಕ್ಕೆ ತೆರಿಗೆಯೂ ಬೀಳುತ್ತೆ. ಕಂಪನಿಯ ಲ್ಯಾಪ್‌ಟಾಪನ್ನು ಬಳಸಲು ಕೊಟ್ಟರೆ ನೌಕರರಿಗೆ ಆ ತಲೆನೋವಿಲ್ಲ.

ಸಾಮಾನಿನ ಲಾಭ ಗೊತ್ತಾಗುವುದು ಕರೆಂಟ್ ಹೋದಾಗ. ಲ್ಯಾಪ್‌ಟಾಪ್ ತನ್ನ ಬ್ಯಾಟರಿಯಲ್ಲಿ ನಡೆಯುತ್ತೆ, ಮೀಟಿಂಗ್ ಮಧ್ಯೆ ಕೈಕೊಡುವುದು ವೈಫೈ ರೂಟರ್. ಅದಕ್ಕೆ 12 ವೋಲ್ಟಿನ ಪುಟ್ಟ ಯುಪಿಎಸ್ ಸಾಕು. ಏಪ್ರಿಲ್ ಸೆಕೆಯಲ್ಲಿ ಫ್ಯಾನಿಲ್ಲದೆ ಕೂರೋಕಾಗುತ್ತಾ? ಹಾಗಾಗಿ ಇನ್ವರ್ಟರೇ ಮೇಲು. 12 ವೋಲ್ಟಿನ, 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿಯಲ್ಲಿ 12 × 150, ಅಂದರೆ 1,800 ವ್ಯಾಟ್-ಅವರ್ ವಿದ್ಯುತ್ ಇರುತ್ತೆ. ಫ್ಯಾನು, ಲ್ಯಾಪ್‌ಟಾಪು, ರೂಟರು ಸೇರಿ 150 ವ್ಯಾಟ್ ಎಳೆದರೆ ಲೆಕ್ಕಕ್ಕೆ 12 ಗಂಟೆ. ಇನ್ವರ್ಟರ್ ತಿನ್ನುವುದನ್ನು ಕಳೆದರೂ, ಹೊಸ ಬ್ಯಾಟರಿಯಾದರೆ ಒಂದು ಪಾಳಿ ಆರಾಮಾಗಿ ಸಾಗುತ್ತೆ.

ತಾಪತ್ರಯವೂ ಇದೆ: ರಿಪೇರಿ ಯಾರದು, ಕೆಲಸ ಬಿಟ್ಟರೆ ವಾಪಸ್ ತರೋರು ಯಾರು? ಭಾರದ ಬ್ಯಾಟರಿಯನ್ನು ಬೆಂಗಳೂರಿಂದ ಕಳಿಸಬೇಡಿ. ಊರಿನ ಅಂಗಡಿಯಲ್ಲೇ ಕೊಡಿಸಿ, ವಾರಂಟಿಗೆ ಓಡಾಡೋದು ತಪ್ಪುತ್ತೆ.

ನಾಲ್ಕೈದು ಜನರಿದ್ದರೆ ನನ್ನ ಮತ ಸಾಮಾನಿಗೇ. ಜನ ಜಾಸ್ತಿಯಿದ್ದರೆ ಲ್ಯಾಪ್‌ಟಾಪ್ ನೀವು ಕೊಡಿ, ಕುರ್ಚಿ-ಇನ್ವರ್ಟರ್ ಅವರೇ ತಗೊಂಡು ಬಿಲ್ ಕೊಡಲಿ, ದುಡ್ಡು ತುಂಬಿಕೊಡಿ. ಇಂಟರ್ನೆಟ್ ಬಿಲ್ಲಂತೂ ಎರಡರಲ್ಲೂ ಕಂಪನಿಯದೇ. ಇನ್ನು ರಾತ್ರಿ ಒಂಬತ್ತಕ್ಕೆ ಫೋನ್ ಮಾಡುವ ಚಾಳಿ ಬಿಡೋಕೆ ಭತ್ಯೆಯೂ ಬೇಡ, ಸಾಮಾನೂ ಬೇಡ.